ಚಿರತೆ ಬಂದ ಊರಲ್ಲಿ ಬಾಗಿಲಿನ ಮಾತು

ಉದ್ದ ಬರಹ, ಬಿಡುವಾದಾಗ ಓದಿ. ಆದರೆ ಪೂರ್ತಿ ಓದಿ.

ಹಂಪಿ, ಆನೆಗುಂದಿ ಕಡೆಯ ಬಂಡೆ ಮೇಲೆ ಚಿರತೆ ಕೂತಿರೋ ವಿಡಿಯೋಗಳು ನಮ್ಮ ಗ್ರೂಪುಗಳಲ್ಲಿ ಆಗಾಗ ತಿರುಗ್ತಾ ಇರ್ತಾವೆ. ಕಾರಿನ ಕಿಟಕಿಯಿಂದ ತೆಗೆದದ್ದು, ರೆಸಾರ್ಟಿನ ಮಹಡಿಯಿಂದ ತೆಗೆದದ್ದು. ಕೆಳಗೆ ಸಾಲು ಸಾಲು ಹೃದಯ. ‘ಎಂಥಾ ಅದೃಷ್ಟ’, ‘ನಮ್ಮ ಹೆಮ್ಮೆ’. ಅದೇ ವಿಡಿಯೋ ನಮ್ಮ ಕೇರಿಯ ಹೆಣ್ಮಕ್ಕಳ ಸಂಘದ ಗ್ರೂಪಿಗೆ ಬಿದ್ದರೆ ಬರೋ ಮಾತೇ ಬೇರೆ. ‘ಇದು ಯಾವ ಗುಡ್ಡ?’ ‘ಯಾವತ್ತು ತೆಗೆದದ್ದು?’ ‘ಯಕ್ಕಾ, ನಿಮ್ಮ ಹಿತ್ತಲ ಬಾಗ್ಲು ರಿಪೇರಿ ಮಾಡಿಸಿದ್ರೇನು?’

ಈ ಮೂರನೇ ಪ್ರಶ್ನೆಯ ಬಗ್ಗೆನೇ ನಾನು ಬರೀತಿರೋದು. ಕಾಡುಪ್ರಾಣಿ ಬಗ್ಗೆ ಮಾತಾಡುವ ಪರಿಸರದವರು ಬಾಗಿಲಿನ ಬಗ್ಗೆ ಮಾತಾಡಲ್ಲ. ಮನೆ ಬಗ್ಗೆ ಹೋರಾಟ ಮಾಡುವ ನಾವು ಚಿರತೆ ಬಗ್ಗೆ ಮಾತಾಡಲ್ಲ. ಎರಡೂ ಒಂದೇ ವಿಷಯ ಅಂತ ಗೊತ್ತಿರೋದು ಕೇರಿಯ ಹೆಂಗಸರಿಗೆ ಮಾತ್ರ. ಅವರನ್ನ ಯಾರೂ ಕೇಳಲ್ಲ.

ಕಂಪ್ಲಿ ಸೀಮೆ ಗೊತ್ತಿಲ್ಲದವರಿಗೆ ನಾಕು ಮಾತು. ಒಂದು ಕಡೆ ತುಂಗಭದ್ರಾ, ಅದರ ಕಾಲುವೆ ನೀರಿಗೆ ಭತ್ತ, ಬಾಳೆ, ಕಬ್ಬು. ಇನ್ನೊಂದು ಕಡೆ ಬಂಡೆ ಮೇಲೆ ಬಂಡೆ ಪೇರಿಸಿದ ಹಾಗಿರೋ ಗುಡ್ಡಗಳು. ಆ ಗುಡ್ಡಗಳ ಒಂದು ಭಾಗವನ್ನ 1994ರಲ್ಲಿ ದರೋಜಿ ಕರಡಿಧಾಮ ಅಂತ ಸರ್ಕಾರ ಘೋಷಿಸಿತು. ಆಮೇಲೆ ಬುಕ್ಕಸಾಗರದ ಕಡೆಯ ಕಾಡನ್ನೂ ಸೇರಿಸಿ ಹಿಗ್ಗಿಸಿದರು. ಸಂಜೆ ಹೊತ್ತಿಗೆ ವೀಕ್ಷಣಾ ಗೋಪುರ ಹತ್ತಿದರೆ ಕರಡಿಕಲ್ಲು ಗುಡ್ಡದಲ್ಲಿ, ಬಂಡೆಗೆ ಬಳಿದ ಬೆಲ್ಲದ ಪಾಕ ನೆಕ್ಕೋಕೆ ಕರಡಿ ಇಳಿದು ಬರೋದು ಕಾಣುತ್ತೆ. ಹೊಳೆ ಕಡೆ ಬಂದರೆ, 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನೀರನ್ನ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಮಾಡಿದರು. ಕಮಲಾಪುರದ ಹತ್ರ 2017ರಿಂದ ದೊಡ್ಡ ಪ್ರಾಣಿ ಉದ್ಯಾನವೂ ಐತಿ. ಅಂದರೆ ನಮ್ಮ ಸೀಮೆಯಲ್ಲಿ ಕರಡಿಗೆ ವಿಳಾಸ ಐತಿ, ನೀರುನಾಯಿಗೆ ವಿಳಾಸ ಐತಿ, ಎರಡಕ್ಕೂ ಸರ್ಕಾರಿ ಅಧಿಸೂಚನೆ ಐತಿ. ಸರ್ವೆ ನಂಬರು, ಚೆಕ್ಕುಬಂದಿ ಎಲ್ಲಾ ಪಕ್ಕಾ. ಅದೇ ಗುಡ್ಡದ ಬುಡದಲ್ಲಿರೋ ಎಷ್ಟೋ ಕೇರಿಗಳಲ್ಲಿ ಇವತ್ತಿಗೂ ಅಜ್ಜನ ಕಾಲದ ಮನೆಗೆ ಹಕ್ಕುಪತ್ರ ಇಲ್ಲ.

ಇದನ್ನ ನಾನು ಪ್ರಾಣಿಗಳ ಮೇಲಿನ ಸಿಟ್ಟಿಗೆ ಹೇಳ್ತಿಲ್ಲ. ಕರಡಿಗೆ ಜಾಗ ಸಿಕ್ಕಿದ್ದು ಒಳ್ಳೇದೇ. ಸಂತೋಷ್ ಮಾರ್ಟಿನ್, ಸಮದ್ ಕೊಟ್ಟೂರು ಅವರಂಥವರು ನಮ್ಮ ಜಿಲ್ಲೆಯ ಕಾಡಿನ ಪರವಾಗಿ ವರ್ಷಗಟ್ಟಲೆ ಮಾತಾಡಿದ್ದಾರೆ. ಅವರ ಬಗ್ಗೆ ನನಗೆ ಗೌರವ ಇದೆ. ಗಣಿಗೆ, ಕಲ್ಲು ಕ್ವಾರಿಗೆ ಹೋಗಬೇಕಿದ್ದ ಗುಡ್ಡ ಕರಡಿಗೆ ಉಳಿದರೆ ನಮಗೂ ಲಾಭ, ನಮ್ಮ ಬಾವಿಯ ನೀರಿಗೂ ಲಾಭ. ನನ್ನ ತಕರಾರು ಬೇರೆ. ಕಾಡಿನ ಗೆರೆ ಎಳೆದವರು ಆ ಗೆರೆಯಾಚೆ ಮೊದಲ ಮನೆ ಯಾರದು ಅಂತ ನೋಡಲಿಲ್ಲ.

ನೋಡಿ ಬೇಕಾದರೆ. ಗುಡ್ಡದ ಮಗ್ಗುಲಿನ ಯಾವ ಹಳ್ಳಿಗಾದರೂ ಬನ್ನಿ. ಊರ ನಡುವೆ ಗುಡಿ, ಗುಡಿ ಸುತ್ತ ಗೌಡರ ಮನೆ, ಶೆಟ್ಟರ ಮನೆ. ಆಮೇಲೆ ಉಳಿದ ಜಾತಿಗಳು. ಕಟ್ಟಕಡೆಗೆ ನಮ್ಮ ಕೇರಿ. ಕೇರಿ ಮುಗಿದಲ್ಲಿ ಕಬ್ಬಿನ ಗದ್ದೆ ಇಲ್ಲವೇ ಬಳ್ಳಾರಿ ಜಾಲಿಯ ಪೊದೆ, ಅದರಾಚೆ ಬಂಡೆ. ಚಿರತೆ ಊರಿಗೆ ಬಂತು ಅಂತ ಪೇಪರಿನಲ್ಲಿ ಬರೀತಾರಲ್ಲ, ಅದು ಊರಿಗೆ ಬರೋದು ಅಪರೂಪ. ಕೇರಿಗೆ ಬರುತ್ತೆ. ಊರು ಶುರುವಾಗೋದಕ್ಕಿಂತ ಮುಂಚೆ ನಾವಿದ್ದೀವಿ.

ಬಾಬಾಸಾಹೇಬರು 1948ರ ತಮ್ಮ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಒಂದು ವಾದ ಇಡ್ತಾರೆ. ಸೋತು ಚದುರಿಹೋದ ಕುಲಗಳ ಜನಕ್ಕೆ ನೆಲೆ ಬೇಕಿತ್ತು. ನೆಲೆ ನಿಂತ ಊರುಗಳಿಗೆ ದಾಳಿಕೋರರಿಂದ ಕಾಯೋರು ಬೇಕಿತ್ತು. ಅದಕ್ಕೇ ಈ ಚದುರಿದ ಜನರನ್ನ ಊರ ಹೊರಗೆ ಕೂರಿಸಿದರು, ಕಾವಲಿಗೆ. ಚರಿತ್ರೆಕಾರರು ಈ ವಾದ ಒಪ್ಪಲಿ ಬಿಡಲಿ, ಗುಡ್ಡದ ಬುಡದ ಕೇರಿಯಲ್ಲಿ ಹುಟ್ಟಿದ ನನಗೆ ಅದನ್ನ ಓದಿದಾಗ ಮೈ ಜುಮ್ ಅಂದಿತ್ತು. ದಾಳಿಕೋರ ಕುಲಗಳು ಹೋಗಿ ಎಷ್ಟೋ ಕಾಲ ಆಯ್ತು. ಕಾವಲು ಮಾತ್ರ ನಮ್ಮ ಕೊರಳಿಂದ ಇಳಿದಿಲ್ಲ. ಚಿರತೆ ಸುಳಿವು ಸಿಕ್ಕರೆ ಡಂಗುರ ಸಾರೋಕೆ ನಮ್ಮವನೇ ಬೇಕಿತ್ತು. ಎಲ್ಲರೂ ಕದ ಹಾಕ್ಕೊಂಡು ಒಳಗಿದ್ದಾಗ ಹಲಗೆ ಬಡ್ಕೊಂಡು ಕತ್ತಲ ಓಣಿಯಲ್ಲಿ ಒಬ್ಬನೇ ನಡೀಬೇಕಿತ್ತು. ಈಗ ಆಟೋಕ್ಕೆ ಮೈಕ್ ಕಟ್ತಾರೆ. ಆಟೋ ಸಿಗದಿದ್ದರೆ ಇವತ್ತೂ ಹಲಗೆನೇ.

2018ರ ಡಿಸೆಂಬರ್ ಈ ತಾಲೂಕಿನವರು ಯಾರೂ ಮರೆಯಲ್ಲ. ಸೋಮಲಾಪುರದಲ್ಲಿ ಮೂರು ವರ್ಷದ ಮಗುವನ್ನ ಚಿರತೆ ಕೊಂದಿತು. ಅದೇ ತಿಂಗಳಲ್ಲಿ ದೇವಲಾಪುರದಲ್ಲಿ ಒಬ್ಬ ಹುಡುಗಿ ಹೋದಳು. ಆ ಮಕ್ಕಳ ಹೆಸರು, ಜಾತಿ ನಾನಿಲ್ಲಿ ಎತ್ತಲ್ಲ. ಸತ್ತ ಕೂಸಿಗೆ ಜಾತಿ ಹುಡುಕೋ ಕೆಲಸ ನಮ್ಮದಲ್ಲ. ಆದರೆ ಆ ದಿನಗಳಲ್ಲಿ ಸುತ್ತಲಿನ ಕೇರಿಗಳಲ್ಲಿ ನಡೆದದ್ದು ಹೇಳ್ತೀನಿ. ಮೂರೂವರೆ ನಾಕು ಗಂಟೆಗೆಲ್ಲ ಕೂಲಿ ಬಿಟ್ಟು ಹೆಂಗಸರು ಓಡಿ ಬರೋರು. ಅರ್ಧ ದಿನದ ಕೂಲಿ ಹೋಯ್ತು. ಸೂರ್ಯ ಮುಳುಗೋದರೊಳಗೆ ಮಕ್ಕಳು, ಆಡು, ಕೋಳಿ ಎಲ್ಲಾ ಒಂದೇ ಖೋಲಿಯೊಳಗೆ. ಬಾಗಿಲಿಗೆ ಒಳಗಿಂದ ಒರಳುಕಲ್ಲು, ಅದರ ಮೇಲೆ ನೀರು ತುಂಬಿದ ಕೊಡ. ಒರಳು ಯಾಕೆ? ಚಿಲಕ ಇರಲಿಲ್ಲ. ಕೆಲವರ ಮನೆಯಲ್ಲಿ ಚಿಲಕ ಹಾಕೋಕೆ ಬಾಗಿಲೇ ಇರಲಿಲ್ಲ, ತಗಡು ಇಲ್ಲವೇ ಗೋಣಿಚೀಲದ ಪರದೆ. ಅರಣ್ಯ ಇಲಾಖೆ ಬೋನು ಇಟ್ಟಿತು, ಬೋನಿಗೆ ಚಿರತೆಗಳು ಬಿದ್ದವು, ಪೇಪರಿನಲ್ಲಿ ಫೋಟೋ ಬಂತು, ಗಲಾಟೆ ತಣ್ಣಗಾಯ್ತು. ಬಾಗಿಲು ಹಂಗೇ ಉಳಿದವು.

ಮನೆ ಅಂದರೆ ಏನು, ಅದನ್ನ ಉಳಿಸ್ಕೊಳ್ಳೋಕೆ ಎಷ್ಟು ದುಡಿಮೆ ಬೇಕು ಅನ್ನೋದು ಆರ್‌ಸಿಸಿ ಮನೆಯಲ್ಲಿ ಹುಟ್ಟಿದವರಿಗೆ ತಿಳಿಯಲ್ಲ. ನಮ್ಮವ್ವನ ಕಾಲದ ಮನೆ ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಕೆಂಪು ಮಣ್ಣಿಗೆ ಭತ್ತದ ಹುಲ್ಲು ಕತ್ತರಿಸಿ ಹಾಕಿ, ನೀರು ಬಿಟ್ಟು, ತುಳಿದು, ಎರಡು ಮೂರು ದಿನ ಕೊಳೆಯೋಕೆ ಬಿಟ್ಟು, ಆಮೇಲೆ ಗೋಡೆಗೆ ಮೆತ್ತಬೇಕು. ಮಳೆ ಹೊಡೆಯೋ ಪಡುವಣ ಗೋಡೆ ಪ್ರತಿ ವರ್ಷ ಕರಗುತ್ತೆ, ಪ್ರತಿ ವರ್ಷ ಮೆತ್ತಬೇಕು. ಮುಂಗಾರು ಬರೋಕೆ ಮುಂಚೆ ಮಾಳಿಗೆ ಮೇಲೆ ಚೌಳು ಮಣ್ಣು ಚೆಲ್ಲಿ ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಜಂತಿ ಸಂದಿನಲ್ಲೆಲ್ಲ ಸೋರುತ್ತೆ. ಉಗಾದಿಗೊಮ್ಮೆ, ಮಾರ್ನವಮಿಗೊಮ್ಮೆ ಸುಣ್ಣ. ವಾರಕ್ಕೆರಡು ಸಲ ನೆಲ ಸಾರಿಸೋದು. ಇದೆಲ್ಲ ಹೆಂಗಸರ ಕೆಲಸ, ಕೂಲಿ ಮುಗಿಸಿ ಬಂದ ಮೇಲಿನ ಕೆಲಸ. ಮಣ್ಣು ಪುಕ್ಕಟೆ ಅಂತ ತಿಳೀಬೇಡಿ. ಕೆರೆ ಅಂಗಳದಲ್ಲಿ ಒಂದು ಬುಟ್ಟಿ ಮಣ್ಣು ಅಗೆದರೆ ‘ಯಾರನ್ನ ಕೇಳಿ ಅಗಿದಿ?’ ಅಂತ ಕೇಳೋ ಯಜಮಾನ ಇದ್ದೇ ಇರ್ತಿದ್ದ. ಸಗಣಿ ಬೇಕಂದರೆ ಅವರ ಹಟ್ಟಿ ಬಳಿದು ಕೊಡಬೇಕು, ಅದಕ್ಕೆ ಕೂಲಿ ಇಲ್ಲ, ಸಗಣಿನೇ ಕೂಲಿ.

ಈಗ ಮಣ್ಣಿನ ಮನೆ ಕಡಿಮೆ ಆಗಿದ್ದಾವೆ. ಜನತಾ ಮನೆ ಬಂತು, ಆಶ್ರಯ ಮನೆ ಬಂತು, ಪ್ರಧಾನಮಂತ್ರಿ ಆವಾಸ್, ಅಂಬೇಡ್ಕರ್ ನಿವಾಸ್ ಬಂತು. ಕಟ್ಟಿದ್ದು ಒಳ್ಳೇದು, ಯಾರೂ ಇಲ್ಲ ಅನ್ನಲ್ಲ. ಆದರೆ ಸರ್ಕಾರದ ಲೆಕ್ಕದಲ್ಲಿ ಮನೆ ಅಂದರೆ ಒಂದು ಸಲ ಕಟ್ಟೋದು. ಕಟ್ಟಿದ ಮನೆ ಇಪ್ಪತ್ತು ವರ್ಷಕ್ಕೆ ಹೆಂಗಾಗುತ್ತೆ ಅನ್ನೋ ಕಾಲಂ ಆ ಅರ್ಜಿಯಲ್ಲಿಲ್ಲ. ಒಮ್ಮೆ ಫಲಾನುಭವಿ ಅಂತ ಹೆಸರು ಬಿದ್ದರೆ ಮುಗೀತು, ‘ನಿಮಗೆ ಆಗಲೇ ಮನೆ ಕೊಟ್ಟೈತಲ್ಲ’. ಬಂಡೆ ಹಾಸಿದ ಮಾಡಿನ ಸಂದು ಬಿಟ್ಟು ನೀರು ಇಳಿಯುತ್ತೆ. ಹಿಂದಿನ ಗೋಡೆ ಬಿರುಕು ಬಿಡುತ್ತೆ. ಚೌಕಟ್ಟಿಗೆ ಗೆದ್ದಲು ಹತ್ತುತ್ತೆ. ಒಂದು ತಮಾಷೆ ಹೇಳ್ತೀನಿ: ಕರಡಿಗೆ ಪಂಚಪ್ರಾಣದ ಊಟ ಗೆದ್ದಲು. ನಮ್ಮ ಬಾಗಿಲು ತಿಂದ ಗೆದ್ದಲನ್ನ ಹುಡುಕ್ಕೊಂಡು ಕರಡಿ ಬಂದರೂ ಬರಬಹುದು ಅಂತ ನಮ್ಮ ಚಿಕ್ಕಮ್ಮ ನಗ್ತಾಳೆ. ನಗೋದನ್ನ ನಾವು ಬಿಟ್ಟಿಲ್ಲ.

ಆವಾಸ್ ಯೋಜನೆಯ ನಕ್ಷೆ ತೆಗೆದು ನೋಡಿ. ಕನಿಷ್ಠ 25 ಚದರ ಮೀಟರ್, ಅಡುಗೆ ಜಾಗ ಸೇರಿ. ಬಯಲು ಸೀಮೆಯ ಮನೆಗೆ 1.20 ಲಕ್ಷ, 2016ರಲ್ಲಿ ಶುರುವಾದಾಗಿನ ಲೆಕ್ಕ ಅದು. ಸಿಮೆಂಟು, ಕಬ್ಬಿಣ, ಗೌಂಡಿ ಕೂಲಿ ಆಮೇಲೆ ಎಷ್ಟಾಯ್ತು ಅಂತ ನಿಮಗೇ ಗೊತ್ತು. ದುಡ್ಡು ತಳಪಾಯಕ್ಕೆ, ಗೋಡೆಗೆ, ಮಾಡಿಗೆ ಮುಗಿಯುತ್ತೆ. ಕೊನೆಗೆ ಉಳಿಯೋದು ಬಾಗಿಲು. ಅಲ್ಲಿಗೆ ಬಂದಾಗ ಕೈ ಖಾಲಿ. ಅದಕ್ಕೇ ಕೇರಿಯಲ್ಲಿ ಗೋಡೆ ಸಿಮೆಂಟಿನದು, ಬಾಗಿಲು ತಗಡಿನದು. ಇನ್ನು ಆಡು ಕಟ್ಟೋ ಜಾಗ ಆ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಭೂಮಿ ಇಲ್ಲದ ಮನೆಗೆ ಎರಡು ಆಡೇ ಬ್ಯಾಂಕು. ಮಗಳ ಫೀಸಿಗೆ ಒಂದು, ಆಸ್ಪತ್ರೆಗೆ ಒಂದು. ಅವನ್ನ ಹಿತ್ತಲಲ್ಲಿ ಸೋಗೆ ಹೊದಿಸಿದ ಪಡಸಾಲೆ ಕೆಳಗೆ ಕಟ್ತಾರೆ. ಚಿರತೆಗೆ ಬೇಕಿರೋದೂ ಅದೇ. ಆಡಿಗೆ ಬಂದ ಚಿರತೆ ಆಡಿನ ಪಕ್ಕದಲ್ಲಿ ಮಲಗಿದವರನ್ನ ದಾಟಿಯೇ ಬರಬೇಕು.

ಯಾಕೆ ಪಕ್ಕದಲ್ಲಿ ಮಲಗ್ತೀರಿ ಅಂತ ಕೇಳೋರಿಗೆ ಒಂದು ಆಹ್ವಾನ: ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ ಜಿಲ್ಲೆಗೆ ಬಂದು ತಗಡಿನ ಮಾಡಿನ ಕೆಳಗೆ ಒಂದು ರಾತ್ರಿ ಕಳೀರಿ. ಹಗಲು 40 ಡಿಗ್ರಿ ದಾಟಿರುತ್ತೆ, ರಾತ್ರಿ ಹತ್ತಾದರೂ ತಗಡು ಆರಿರಲ್ಲ. ಕಿಟಕಿ ಒಂದೇ, ಫ್ಯಾನ್ ಇದ್ದರೆ ಕರೆಂಟ್ ಇಲ್ಲ. ಬಾಣಂತಿ, ಮುದುಕರು, ಮಕ್ಕಳು ಎಲ್ಲರೂ ಅಂಗಳದಲ್ಲಿ. ಅರಣ್ಯ ಇಲಾಖೆಯವರು ಹಂಚೋ ಕರಪತ್ರದಲ್ಲಿ ‘ರಾತ್ರಿ ಹೊರಗೆ ಮಲಗಬೇಡಿ’ ಅಂತಿರುತ್ತೆ. ಸರಿಯಾದ ಮಾತೇ. ಆದರೆ ಒಳಗೆ ಮಲಗೋ ಹಾಗಿರೋ ಮನೆ ಇದ್ದವರಿಗೆ ಬರೆದ ಮಾತು ಅದು. ಶೌಚಾಲಯದ ಕತೆಯೂ ಹಿಂಗೇ. ಸ್ವಚ್ಛ ಭಾರತದ 12 ಸಾವಿರದಲ್ಲಿ ಕಟ್ಟಿದ ಗೂಡುಗಳು ಇದ್ದಾವೆ, ನೀರಿಲ್ಲ. ಗುಂಡಿ ತುಂಬಿದರೆ ಅದನ್ನ ಬಳಿಯೋಕೂ ನಮ್ಮವರನ್ನೇ ಕರೀತಾರೆ, ಅದು ಇನ್ನೊಂದು ದಿನದ ಮಾತು. ನೀರಿಲ್ಲದ ಗೂಡಲ್ಲಿ ಸೌದೆ ಪೇರಿಸಿ, ಹೆಂಗಸರು ನಸುಕಿನಲ್ಲಿ ಚೊಂಬು ಹಿಡ್ಕೊಂಡು ಜಾಲಿ ಮರೆಗೆ ಹೋಗ್ತಾರೆ. ಕರಡಿ ಗುಡ್ಡಕ್ಕೆ ವಾಪಸ್ ಹೋಗೋ ಹೊತ್ತೂ ಅದೇ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಹತ್ತಿರ ಬರೋವರೆಗೂ ನಮ್ಮನ್ನ ನೋಡಲ್ಲ, ನೋಡಿದ ಕೂಡಲೇ ಹೆದರಿ ಮೇಲೆ ಬೀಳುತ್ತೆ. ಬಿದ್ದರೆ ಮುಖಕ್ಕೇ ಕೈ ಹಾಕುತ್ತೆ.

ಈಗ ‘ನೋಡೋದರ’ ವಿಷಯಕ್ಕೆ ಬರ್ತೀನಿ. ನನಗೆ ಹೆಚ್ಚು ಉರಿಯೋದು ಇಲ್ಲೇ.

ಚಿರತೆ, ಕರಡಿ, ನೀರುನಾಯಿ, ಕತ್ತೆಕಿರುಬ, ಚಿಪ್ಪುಹಂದಿ, ಇವೆಲ್ಲ ಕಣ್ಣಿಗೆ ಬೀಳೋದೇ ಅಪರೂಪ. ಒಂದು ಸಲ ಕಾಣೋಕೆ ವರ್ಷಗಟ್ಟಲೆ ಕ್ಯಾಮೆರಾ ಹೊತ್ತು ತಿರುಗೋ ಸ್ನೇಹಿತರು ನನಗಿದ್ದಾರೆ. ಆದರೆ ನಸುಕಿನಲ್ಲಿ ಭತ್ತದ ನಾಟಿಗೆ ಹೋಗೋ, ಸಂಜೆ ಸೌದೆ ಹೊತ್ತು ಬರೋ ನಮ್ಮ ಹೆಣ್ಮಕ್ಕಳು ಇವನ್ನ ನೋಡ್ತಾನೇ ಬಂದಿದ್ದಾರೆ. ಕರಡಿ ಹೆಜ್ಜೆ ಮೊದಲ ನೋಟಕ್ಕೆ ಮನುಷ್ಯನ ಪಾದದ ಹಾಗೇ ಕಾಣುತ್ತೆ, ಉಗುರಿನ ಗುರುತು ನೋಡಿದರೆ ಮಾತ್ರ ಗೊತ್ತಾಗುತ್ತೆ ಅಂತ ನನಗೆ ಹೇಳಿಕೊಟ್ಟದ್ದು ಯಾವ ವನ್ಯಜೀವಿ ಪುಸ್ತಕವೂ ಅಲ್ಲ, ನಮ್ಮ ದೊಡ್ಡವ್ವ. ಚಿರತೆ ಕೂಗಿದರೆ ಗರಗಸದಿಂದ ಮರ ಕೊಯ್ದಂಗೆ ಕೇಳುತ್ತೆ, ಗರ್ ಗರ್ ಅಂತ, ಎಳೆದು ಬಿಟ್ಟು ಎಳೆದು ಬಿಟ್ಟು. ನಾಯಿಗಳು ಬೊಗಳಿದರೆ ಭಯ ಇಲ್ಲ. ಬೊಗಳ್ತಿದ್ದ ನಾಯಿ ಒಮ್ಮೆಗೇ ಕುಂಯ್‌ಗುಟ್ಟುತ್ತಾ ಒಲೆ ಪಕ್ಕ ಬಂದು ಮಲಗಿದರೆ ಹುಷಾರಾಗಬೇಕು. ಹೊಳೆ ದಂಡೆಯ ಕೇರಿಯವರು ನೀರುನಾಯಿ ಗುಂಪಿನ ಸಿಳ್ಳೆಯಂಥ ಸದ್ದು ಕೇಳಿನೇ ಇವತ್ತು ಮೀನು ಯಾವ ಮಡುವಿನಲ್ಲೈತಿ ಅಂತ ಹೇಳ್ತಾರೆ. ಇದನ್ನ ಜ್ಞಾನ ಅಂತ ಯಾರೂ ಬರ್ಕೊಂಡಿಲ್ಲ.

ಬರ್ಕೊಳ್ಳೋದು ಹಾಳಾಗಲಿ, ನಂಬೋದೂ ಇಲ್ಲ. ನಮ್ಮ ಕೇರಿಯ ಒಬ್ಬ ಹೆಣ್ಮಗಳು ಕಬ್ಬಿನ ಬದುವಿನ ಮೇಲೆ ಮರಿಗಳ ಜೊತೆ ಚಿರತೆ ನೋಡಿದಳು. ಹೋಗಿ ಹೇಳಿದರೆ ಸಿಕ್ಕ ಉತ್ತರ: ‘ನಾಯಿ ನೋಡೀರಬೇಕು ಬಿಡವ್ವ. ಫೋಟೋ ತೆಗ್ದಿಯೇನು?’ ಕೈಯಲ್ಲಿ ಕುಡುಗೋಲು, ತಲೆ ಮೇಲೆ ಹೊರೆ, ಫೋಟೋ ಎಲ್ಲಿಂದ ತೆಗೀತಾಳೆ? ನಾಕು ದಿನ ಆದ ಮೇಲೆ ಅದೇ ದಾರಿಯಲ್ಲಿ ಬೈಕಿನಲ್ಲಿ ಹೋಗ್ತಿದ್ದ ಯಾರೋ ಯಜಮಾನರ ಮಗ ಅದನ್ನೇ ನೋಡಿದ. ಅವತ್ತೇ ಜೀಪು ಬಂತು, ಬೋನು ಬಂತು. ಯಾವ ಊರು, ಯಾವ ಆಫೀಸು ಅಂತ ಬರೆಯಲ್ಲ, ಬರೆಯೋ ಅಗತ್ಯವೂ ಇಲ್ಲ. ಓದ್ತಿರೋ ನಿಮ್ಮಲ್ಲಿ ಅರ್ಧ ಜನಕ್ಕೆ ಇದು ನಮ್ಮೂರಿನ ಕತೆನೇ ಅನ್ನಿಸಿರುತ್ತೆ.

ತಮಾಷೆ ಅಂದರೆ, ಹಿಂದೆ ಊರಿನ ಗಡಿ ತಕರಾರು ಬಂದಾಗ ಕುಳವಾಡಿ ಹೇಳಿದ್ದೇ ಗಡಿ. ಹೊಲೆಯನ ಕಣ್ಣು ಅವತ್ತು ಸಾಕ್ಷಿ ಆಗ್ತಿತ್ತು, ಯಾಕಂದರೆ ಅವನಿಗೆ ಸ್ವಂತ ಜಮೀನಿರಲಿಲ್ಲ, ಸುಳ್ಳು ಹೇಳಿ ಅವನಿಗೆ ಸಿಗೋದೇನೂ ಇರಲಿಲ್ಲ. ಅವರ ಜಮೀನು ಅಳೆಯೋಕೆ ನಮ್ಮ ಕಣ್ಣು ಸರಿ ಇತ್ತು. ನಮ್ಮ ಮಕ್ಕಳ ಜೀವದ ಪ್ರಶ್ನೆ ಬಂದಾಗ ನಮ್ಮ ಕಣ್ಣಿಗೆ ನಾಯಿಗೂ ಚಿರತೆಗೂ ವ್ಯತ್ಯಾಸ ಗೊತ್ತಾಗಲ್ಲ!

ಪರಿಹಾರದಲ್ಲೂ ಇದೇ ಸಾಕ್ಷಿ ಪ್ರಶ್ನೆ. ಸತ್ತ ಆಡಿನ ಕಳೇಬರ ತೋರಿಸು ಅಂತಾರೆ. ಚಿರತೆ ಅಲ್ಲೇ ಬಿಟ್ಟು ಹೋಗೋಕೆ ಅದೇನು ನಮ್ಮ ನೆಂಟನೇ? ಬಾಯಲ್ಲಿ ಕಚ್ಕೊಂಡು ಗುಡ್ಡ ಹತ್ತುತ್ತೆ. ಮನುಷ್ಯ ಸತ್ತರೆ ಕೊಡೋ ಪರಿಹಾರವನ್ನ ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಏರಿಸಬೇಕಾದ್ದೇ. ಆದರೆ ಲೆಕ್ಕ ನೋಡಿ. ನಮ್ಮೂರ ಬಡಗಿ ಚೌಕಟ್ಟು, ಗಟ್ಟಿ ಬಾಗಿಲು, ಚಿಲಕ ಎಲ್ಲಾ ಸೇರಿ ಹತ್ತು ಸಾವಿರ ಕೇಳ್ತಾನೆ. ಅವತ್ತು ಒಂದು ಸಾವಿಗೆ ಗೊತ್ತು ಮಾಡಿದ ಆ 15 ಲಕ್ಷದಲ್ಲಿ ನೂರೈವತ್ತು ಮನೆಗೆ ಬಾಗಿಲು ಆಗುತ್ತೆ. ಅಂದರೆ ಒಂದು ಇಡೀ ಕೇರಿ. ಸತ್ತ ಮೇಲೆ ಕೊಡೋಕೆ ಲೆಕ್ಕಶೀರ್ಷಿಕೆ ಐತಿ, ಸಾಯದಂಗೆ ನೋಡ್ಕೊಳ್ಳೋಕೆ ಲೆಕ್ಕಶೀರ್ಷಿಕೆ ಇಲ್ಲ.

‘ಹಿಡಿದು ಬೇರೆ ಕಾಡಿಗೆ ಬಿಡಿ’ ಅಂತ ನಮ್ಮವರೇ ಧರಣಿ ಕೂರ್ತಾರೆ. ಭಯ ನನಗೆ ಅರ್ಥ ಆಗುತ್ತೆ. ಆದರೆ ಮಹಾರಾಷ್ಟ್ರದ ಜುನ್ನಾರ್ ಕಡೆ ಏನಾಯ್ತು ಅಂತ ನಾವು ತಿಳ್ಕೋಬೇಕು. ಅದೂ ನಮ್ಮ ಹಾಗೇ ಕಬ್ಬಿನ ಸೀಮೆ. ಅಲ್ಲಿ ಹಿಡಿದ ಚಿರತೆಗಳನ್ನ ಒಯ್ದು ಬೇರೆ ಕಡೆ ಬಿಟ್ಟ ಮೇಲೆ, ಬಿಟ್ಟ ಜಾಗಗಳ ಸುತ್ತ ಮನುಷ್ಯರ ಮೇಲಿನ ದಾಳಿ ಜಾಸ್ತಿಯಾಯ್ತು ಅಂತ ವಿದ್ಯಾ ಆತ್ರೇಯ ಮತ್ತವರ ತಂಡ 2011ರಲ್ಲಿ ಬರೆದರು. ನಮ್ಮ ಕೇರಿಯ ಚಿರತೆಯನ್ನ ಒಯ್ದು ಇನ್ನೊಂದು ಕೇರಿಯ ಮಗ್ಗುಲಿಗೆ ಬಿಡೋದು ಹೋರಾಟ ಅಲ್ಲ. ಬಿಟ್ಟ ಜಾಗ ಖಾಲಿಯೂ ಉಳಿಯಲ್ಲ, ಇನ್ನೊಂದು ಬರುತ್ತೆ. ಯಾಕಂದರೆ ಕರೆಯೋ ಕಾರಣಗಳು ಇಲ್ಲೇ ಇದ್ದಾವೆ. ಊರಿನ ಕಸ ಎಲ್ಲಿ ಸುರೀತಾರೆ? ಕೇರಿ ಹಿಂದೆ. ಕಸಕ್ಕೆ ನಾಯಿ, ಹಂದಿ ಬರ್ತಾವೆ. ನಾಯಿಗೆ ಚಿರತೆ ಬರುತ್ತೆ. ಕೋಳಿ ಅಂಗಡಿಯ ಪುಕ್ಕ, ಕರುಳು ಎಲ್ಲಾ ತಂದು ನಮ್ಮ ಬೆನ್ನಿಗೆ ಸುರಿದು, ‘ನಿಮ್ಮ ಕಡೆನೇ ಯಾಕೆ ಬರುತ್ತಪ್ಪ ಚಿರತೆ’ ಅಂತ ಕೇಳಿದರೆ ನಾನೇನು ಹೇಳಲಿ?

ಬಳ್ಳಾರಿ ಜಾಲಿದೂ ಅದೇ ಕತೆ. ಹೆಸರಲ್ಲಿ ನಮ್ಮ ಜಿಲ್ಲೆ ಇಟ್ಕೊಂಡೈತಿ, ಹುಟ್ಟಿದ್ದು ಮೆಕ್ಸಿಕೋ ಕಡೆ. ಗೋಮಾಳ, ಹಳ್ಳ, ಸ್ಮಶಾನದ ದಾರಿ ಎಲ್ಲಾ ನುಂಗಿ ಕೇರಿ ಗೋಡೆವರೆಗೂ ಬಂದೈತಿ. ಅದರಿಂದ ನಮಗೆ ಸೌದೆ ಸಿಗುತ್ತೆ, ಇದ್ದಿಲು ಸುಟ್ಟು ಬದುಕೋರೂ ಇದ್ದಾರೆ, ಹಂಗಾಗಿ ಬೇರು ಸಹಿತ ಕಿತ್ತು ಬಿಸಾಕಿ ಅಂತ ನಾನು ಹೇಳಲ್ಲ. ಮನೆಗಳಿಂದ ನೂರು ಹೆಜ್ಜೆಯಷ್ಟು ಜಾಗ ಚೊಕ್ಕ ಆದರೆ ಸಾಕು. ಅದನ್ನ ವರ್ಷಕ್ಕೊಮ್ಮೆ ಕೇರಿಯವರ ಕೈಲೇ ಕೂಲಿ ಕೊಟ್ಟು ಮಾಡಿಸಬಹುದು. ರಸ್ತೆ ಪಕ್ಕದ ಹುಲ್ಲು ಕೀಳೋಕೆ ಕೂಲಿ ಕೊಡೋರಿಗೆ ಇದು ಕಷ್ಟವೇ?

ಇನ್ನು ಮರದ ಮಾತು. ಮೊದಲು ಗುಡ್ಡದಿಂದ ಒಂದು ಗಟ್ಟಿ ಕೊಂಬೆ ತಂದರೆ ಅಗುಳಿ, ಹೊಸ್ತಿಲು, ಗೂಟ ಆಗ್ತಿತ್ತು. ಕಸಬರಿಗೆಗೆ ಈಚಲು, ಮಾಡಿಗೆ ಹುಲ್ಲು, ಎಲ್ಲಾ ಅಲ್ಲಿಂದಲೇ. ಧಾಮ ಆದ ಮೇಲೆ ಅದು ಅಪರಾಧ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತಲ್ಲ ಅಂತೀರಿ. ಬಂತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ದಲಿತರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳ ಸಾಲಿಗೆ ಬರ್ತೀವಿ. ನಾವು 2005ರ ಡಿಸೆಂಬರ್‌ಗೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ಸಾಕ್ಷಿ ತೋರಿಸಬೇಕು. ಮನೆಗೇ ಕಾಗದ ಇಲ್ಲದವರು 1930ರ ಕಾಗದ ಎಲ್ಲಿಂದ ತರೋದು? ಅದೇ ಹಳೆ ಸಾಕ್ಷಿ ಪ್ರಶ್ನೆ, ನೋಡಿ.

ದುಡ್ಡಿಲ್ಲ ಅನ್ನೋ ಮಾತನ್ನ ಯಾರೂ ನಂಬಬೇಡಿ. ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ 2013ರಿಂದ ಐತಿ. ಜನಸಂಖ್ಯೆ ಲೆಕ್ಕಕ್ಕೆ ಶೇ. 24.10ರಷ್ಟು ದುಡ್ಡು ನಮ್ಮ ಹೆಸರಲ್ಲಿ ಎತ್ತಿಡಬೇಕು. ಆ ದುಡ್ಡನ್ನ ಎಲ್ಲೆಲ್ಲಿಗೋ ತಿರುಗಿಸೋಕೆ ದಾರಿ ಮಾಡಿಕೊಟ್ಟಿದ್ದ 7ಡಿ ಕಲಂ ತೆಗೆಸೋಕೆ ನಾವು ಬೀದಿಗಿಳಿದ್ವಿ. ಕೊನೆಗೆ 2023ರಲ್ಲಿ ತೆಗೆದರು, ನಾವು ಪಟಾಕಿ ಹೊಡೆದ್ವಿ. ಈಗ ಆ ದುಡ್ಡಲ್ಲಿ ನಮಗೆ ಏನು ಬೇಕು ಅಂತ ಕೇಳಿದರೆ ಮತ್ತೊಂದು ಭವನ, ಮತ್ತೊಂದು ಕಮಾನು ಅಂತೀವಿ. ಬಾಬಾಸಾಹೇಬರ ಹೆಸರಿನ ಭವನ ಬೇಡ ಅನ್ನೋ ಧೈರ್ಯ ನನಗೂ ಇಲ್ಲ. ಆದರೆ ಭವನದ ಕಬ್ಬಿಣದ ಗೇಟಿಗೆ ಬೀಗ ಇದ್ದು, ಅದರ ಎದುರಿನ ಮನೆಗೆ ಗೋಣಿಚೀಲದ ಪರದೆ ಇದ್ದರೆ, ಆ ಹೆಸರಿಗೇ ಅವಮಾನ. ಸಂಡೂರು, ಹೊಸಪೇಟೆ ಕಡೆಯ ಗೆಳೆಯರಿಗೆ ಇನ್ನೊಂದು ದಾರಿಯೂ ಐತಿ, ಜಿಲ್ಲಾ ಖನಿಜ ನಿಧಿ. ಗುಡ್ಡ ಅಗೆದ ದುಡ್ಡು ಅದು. ಗುಡ್ಡ ಅಗೆದದ್ದಕ್ಕೇ ಕರಡಿ ಕೆಳಗೆ ಇಳೀತಿದೆ ಅಂತ ನೀವು ಹೇಳ್ತೀರಲ್ಲ, ಹಾಗಾದರೆ ಕೇರಿ ಬಾಗಿಲಿನ ದುಡ್ಡನ್ನೂ ಅಲ್ಲಿಂದಲೇ ಕೇಳಿ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ರಾಜ್ಯದ ಎಂಜಿನಿಯರುಗಳು ಬಂದು, ವಾರದೊಳಗೆ ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಭೇಷ್ ಅಂದೆ ನಾನೂ. ಆ ನೀರಲ್ಲೇ ನಮ್ಮ ಅನ್ನ ಇರೋದು. ಒಂದು ಗೇಟು ಹೋದರೆ ನಾಡೇ ನಿದ್ದೆಗೆಡುತ್ತೆ ಅಂತ ಅವತ್ತು ನೋಡಿದೀವಿ. ಹೊಳೆ ದಂಡೆ ಕೇರಿಗಳಲ್ಲಿ ಪ್ರತಿ ನೆರೆಗೂ ನೆನೆದು ಉಬ್ಬಿ, ಚೌಕಟ್ಟಿಗೆ ಕೂರದಂಗಾದ ಬಾಗಿಲುಗಳ ಲೆಕ್ಕ ಯಾರ ಹತ್ರನೂ ಇಲ್ಲ.

ಹಂಗಾಗಿ ನಾವು ಕೆಲವರು ಕೂತು ಲೆಕ್ಕ ಶುರು ಮಾಡಿದೀವಿ. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಕೇರಿಯ ಪಿಯುಸಿ ಓದೋ ಹುಡುಗಿ ಕೈಯಲ್ಲಿ. ಎಡಗಡೆ ಪುಟದಲ್ಲಿ ಮನೆ: ಬಾಗಿಲು ಐತೋ ಇಲ್ಲವೋ, ಚಿಲಕ ಐತೋ ಇಲ್ಲವೋ, ಹಿತ್ತಲ ಗೋಡೆ, ಆಡು ಕಟ್ಟೋ ಜಾಗ, ಶೌಚಾಲಯಕ್ಕೆ ನೀರು, ಮನೆ ಮುಂದಿನ ಕಂಬಕ್ಕೆ ದೀಪ. ಬಲಗಡೆ ಪುಟದಲ್ಲಿ ಪ್ರಾಣಿ: ಯಾರು ನೋಡಿದರು, ಯಾವ ಹೊತ್ತು, ಯಾವ ಕಡೆಯಿಂದ ಬಂತು, ಹೆಜ್ಜೆ, ಸದ್ದು. ಫೋಟೋ ಕಡ್ಡಾಯ ಅಲ್ಲ. ನೋಡಿದವರ ಹೆಸರು, ಹೆಬ್ಬೆಟ್ಟು ಸಾಕು. ಎರಡೂ ಪುಟವನ್ನ ಪಕ್ಕಪಕ್ಕ ಇಟ್ಟು ಓದಿದರೆ ಯಾವ ಮನೆಗೆ ಮೊದಲು ಬಾಗಿಲು ಬೇಕು ಅಂತ ಯಾವ ಸರ್ವೆನೂ ಇಲ್ಲದೆ ಗೊತ್ತಾಗುತ್ತೆ.

ಈ ನೋಟ್‌ಬುಕ್ಕನ್ನ ಮುಂದಿನ ಗ್ರಾಮಸಭೆಯಲ್ಲಿ ಇಡ್ತೀವಿ, ನಡಾವಳಿಯಲ್ಲಿ ಬರೆಸ್ತೀವಿ. ಅದರ ಪ್ರತಿ ಅರಣ್ಯ ಇಲಾಖೆಗೂ ಹೋಗುತ್ತೆ. ನೀರುನಾಯಿ ಮೀಸಲಿನಂಥ ಸಂರಕ್ಷಣಾ ಮೀಸಲಿಗೆ ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು ಇರಬೇಕು ಅಂತ ವನ್ಯಜೀವಿ ಕಾಯ್ದೆನೇ ಹೇಳುತ್ತೆ. ಆ ಒಬ್ಬರು ಹೊಳೆ ದಂಡೆ ಕೇರಿಯ ಹೆಣ್ಮಗಳು ಆಗಲಿ ಅಂತಲೂ ಕೇಳ್ತೀವಿ. ದೊಡ್ಡವ್ವನಿಗೆ ಈ ಮಾತು ಹೇಳಿದ್ದಕ್ಕೆ ಅವಳು ಕೇಳಿದ್ದು ಒಂದೇ: ‘ಮೀಟಿಂಗು ಎಷ್ಟೊತ್ತಿಗೆ ಮುಗೀತೈತಿ? ಕತ್ಲಾಗೋದ್ರೊಳಗ ಬಿಡ್ತಾರೇನು?’

ಸಂಡೂರು, ಕುರುಗೋಡು, ಕೂಡ್ಲಿಗಿ, ಗಂಗಾವತಿ ಕಡೆಯ ಗೆಳೆಯರು ನಿಮ್ಮ ಕೇರಿಯಲ್ಲೂ ಇಂಥ ಒಂದು ನೋಟ್‌ಬುಕ್ ಶುರು ಮಾಡಿ. ಕಾಲಂಗಳ ಮಾದರಿ ಬೇಕಿದ್ದರೆ ನನಗೆ ಮೆಸೇಜ್ ಹಾಕಿ, ಕಳಿಸ್ತೀನಿ.

ಜೈಭೀಮ್.